ಅಂತರ: ಸೊನ್ನೆ

ಇಳಕಲ್ಲಿನ ನೇಕಾರರ ಸಹಕಾರಿ ಬ್ಯಾಂಕಿನಲ್ಲಿ
ಸರ್ವರಿಗೆ ಕೊಟ್ಟ ಕೋಣೆ ಮೊದಲು ನೂಲಿನ ಗೋದಾಮು.
ಈಗಲೂ ಬಾಗಿಲು ತೆರೆದರೆ ಗಂಜಿಯ ವಾಸನೆ,
ಅದರ ಮೇಲೆ ಬಿಸಿ ಪ್ಲಾಸ್ಟಿಕ್ಕಿನದು.

ಶನಿವಾರ. ಮಜೂರಿಯ ದಿನ.
ಹೊರಗೆ ಕೆಂಪು ಕಲ್ಲಿನ ಕಟ್ಟೆಯ ಮೇಲೆ
ಪಾಸ್‌ಬುಕ್ಕನ್ನೇ ಬೀಸಣಿಕೆ ಮಾಡಿಕೊಂಡ ಅರವತ್ತು ಮಂದಿ.
ಮ್ಯಾನೇಜರ್ ಕಂದಗಲ್ಲ ಸಾಹೇಬರು ನನ್ನ ಬೆನ್ನ ಹಿಂದೆ ನಿಂತು
ಎರಡು ನಿಮಿಷಕ್ಕೊಮ್ಮೆ ಕೆಮ್ಮುತ್ತಾರೆ.
ಆ ಕೆಮ್ಮಿಗೆ ಒಂದೇ ಅರ್ಥ.

ಕೆಂಪು ಒಂದು, ನೀಲಿ ಒಂದು, ಎರಡು ವೈರು.
ಬೇರೆ ಬೇರೆ ಸ್ವಿಚ್ಚಿನಿಂದ ಬಂದು ಪೆಟ್ಟಿಗೆಯ ಬೆನ್ನಿಗೆ ಕೂತು
ಒಳಗೆ ಒಂದೇ ಹೆಸರಿನಲ್ಲಿ ಸಂಸಾರ ಮಾಡುತ್ತವೆ: ಬಾಂಡ್ ಝೀರೋ.
ಕೆಂಪು ದುಡಿಯುವುದು, ನೀಲಿ ಕಾಯುವುದು.
ಕೆಂಪಿಗೆ ಏನಾದರೂ ಆದರೆ
ನೀಲಿ ಎದ್ದು ಹೆಗಲು ಕೊಡುವುದು.
ಮೂರು ವರ್ಷದ ಕೆಳಗೆ ಆಡಳಿತ ಮಂಡಳಿಯ ಸಭೆಯಲ್ಲಿ
ಚಹಾ ಚುರುಮುರಿಯ ನಡುವೆ ಹೀಗೆ ವಿವರಿಸಿ
ಎರಡನೇ ಸ್ವಿಚ್ಚಿನ ದುಡ್ಡು ಮಂಜೂರು ಮಾಡಿಸಿಕೊಂಡವನು ನಾನೇ.

ಕೆಂಪಿನ ದೀಪ ಆರಿದೆ.
ನೀಲಿಯ ದೀಪ ಹಸಿರಾಗಿ ಪಿಳಿಪಿಳಿ.
ಆದರೂ ಕೌಂಟರಿನಲ್ಲಿ ಒಂದು ಪೈಸೆ ಹೊರಡುತ್ತಿಲ್ಲ.

ಪರದೆಯನ್ನು ಕೇಳಿದೆ.
ಬಾಂಡ್ ಅಪ್. ಕೆಂಪು ಅಪ್. ನೀಲಿ ಅಪ್.
ಒಳಗೆ ಹೆಣ ಮಲಗಿಸಿಕೊಂಡು
ಹೊಸ್ತಿಲಲ್ಲಿ ನಿಂತು ಎಲ್ಲಾ ಆರಾಮ ಐತ್ರಿ ಅಂದ ಹಾಗೆ.

ಪಿಂಗ್ ಹೊಡೆದೆ. ಉತ್ತರವಿಲ್ಲ.
ಕೇಬಲ್ಲು ಬದಲಿಸಿದೆ. ಪಿನ್ನು ಒರೆಸಿದೆ.
ಕೆಂಪು ಹೋಗಿ ಸೇರುವ ಸ್ವಿಚ್ಚನ್ನು ಮೂಸಿದೆ:
ರಾತ್ರಿ ಕರೆಂಟು ಹೋಗಿ ಬರುವಾಗ ಸುಟ್ಟಿದೆ.
ಅದಿರಲಿ, ಸಾಯುವುದು ಸಾಯುತ್ತದೆ.
ನೀಲಿ ಯಾಕೆ ಏಳಲಿಲ್ಲ?

ಚಹಾ ತಂದ ಅಂಬವ್ವ ಹಿಂದೆ ಕೊಂಡಿ ಹಾಕುತ್ತಿದ್ದವಳು.
ಸೀರೆಯ ಒಡಲಿನ ಹಾಸು ಮುಗಿವಲ್ಲಿ ಸೆರಗಿನ ಹಾಸನ್ನು
ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೆಲಸ.
ವೈರಿನ ಗೊಂಚಲು ನೋಡಿ ಮುಖ ಸಿಂಡರಿಸಿದಳು:
"ಇಷ್ಟ ಸಿಕ್ಕ ನಮ್ಮ ಕೈಯಾಗ ಬಿದ್ದಿದ್ರ ಮಾಲಕ ಒದೀತಿದ್ದ."
ನಾನು ನಗಲಿಲ್ಲ. ಸಕ್ಕರೆ ಕಡಿಮೆ ಎಂದೆ.
"ಹರದದ್ದು ಯಾವದು?"
ಕೆಂಪು ತೋರಿಸಿದೆ.
"ಹರದೈತಿ ಅನ್ನೂದು ಆ ಪೆಟಗಿಗೆ ಗೊತ್ತೈತೇನು?"
ಗೊತ್ತಿರ್ತದವ್ವಾ, ಅದು ಯಂತ್ರ, ಎಂದೆ ಸಿಟ್ಟಿನಲ್ಲಿ.
ಸಿಟ್ಟಿನಲ್ಲೇ ಪರದೆಯನ್ನು ಮೇಲಕ್ಕೆ ಉರುಳಿಸಿದೆ.

ಅಲ್ಲಿತ್ತು, ನಾಲ್ಕನೇ ಸಾಲೋ ಐದನೆಯದೋ:
ಕೊಂಡಿ ಜೀವಂತವೇ ಎಂದು ವಿಚಾರಿಸುವ ಅಂತರ,
ಮಿಲಿಸೆಕೆಂಡುಗಳಲ್ಲಿ: ಸೊನ್ನೆ.

ಸೊನ್ನೆ ಎಂದರೆ ಬಿಡುವಿಲ್ಲದೆ ಅಲ್ಲ.
ಸೊನ್ನೆ ಎಂದರೆ ಎಂದೂ ಇಲ್ಲ.
ಮೂರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ,
ಕೆಂಪು, ಇದ್ದೀಯಾ? ನೀಲಿ, ಇದ್ದೀಯಾ?
ಕೇಳದೆಯೇ ಅಪ್ ಎಂದು ಬರೆದುಕೊಂಡು ಕೂತಿದೆ.
ನೀಲಿ ಎದ್ದೇ ಕೂತಿತ್ತು.
ಕರೆಯುವವರಿರಲಿಲ್ಲ.

ಕಡತದ ತಲೆಗೆ ಬರೆದವನ ಟಿಪ್ಪಣಿ:
ಸದ್ಯಕ್ಕೆ ಸೊನ್ನೆ, ಆಮೇಲೆ ನೋಡೋಣ. ಮ. ಶಿ. ಕೆಲೂರ.
ನಾನು.
ಆ ದಿನ ಕೊನೆಯ ಬಸ್ಸು ಏಳೂವರೆಗಿತ್ತು.

"ಏನಾಗಿತ್ರಿ ಕೆಲೂರ?"
"ಸೆಟ್ಟಿಂಗ್ ರೀ."
ಸುಳ್ಳಲ್ಲ. ಸುಳ್ಳಿನ ಪಕ್ಕದ ಓಣಿ.

ಸೊನ್ನೆ ಅಳಿಸಿ ನೂರು ಬರೆದೆ.
ಇನ್ನು ಸೆಕೆಂಡಿಗೆ ಹತ್ತು ಸಲ: ಇದ್ದೀಯಾ, ಇದ್ದೀಯಾ.
ಬಾಂಡನ್ನು ಇಳಿಸಿ ಎಬ್ಬಿಸಿದೆ.
ನೀಲಿ ಹೆಗಲು ಕೊಟ್ಟಿತು.
ಹೊರಗೆ ಮೊದಲ ಟೋಕನ್ನಿನ ಗಂಟೆ.

ಹುನಗುಂದದಿಂದ ಟಂಟಂ ಗಾಡಿಯಲ್ಲಿ ಹೊಸ ಸ್ವಿಚ್ಚು ಬಂದು
ಕೆಂಪಿಗೆ ಜೀವ ಬಂದಾಗ ಮೂರು ಗಂಟೆ.
ಆಮೇಲೆ, ಯಾರೂ ಹೇಳದಿದ್ದರೂ,
ಜನ ಸಾಲಿನಲ್ಲಿರುವಾಗಲೇ ನೀಲಿಯನ್ನು ಕಿತ್ತೆ.
ಗಂಟೆ ನಿಲ್ಲಲಿಲ್ಲ.
ನೀಲಿ ಸಿಕ್ಕಿಸಿ ಕೆಂಪನ್ನು ಕಿತ್ತೆ.
ನಿಂತಿತೇ?
ಸಾಹೇಬರು ಕೆಮ್ಮುವುದನ್ನೂ ಮರೆತರು.
ಬಂತು. ಟೋಕನ್ ನೂರಾ ಹದಿನಾಲ್ಕು.

"ಕುಡದ ಇಲ್ಲಲ್ಲ," ಎಂದು ಅಂಬವ್ವ
ಕೆನೆಗಟ್ಟಿದ ಲೋಟ ಎತ್ತಿಕೊಂಡು ಹೋದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಬೆರಳೆಣಿಸಿದೆ,
ಇದೇ ಕಡತವನ್ನು ನಕಲು ಮಾಡಿ ಹಾಕಿ ಬಂದ ಊರುಗಳನ್ನು:
ಅಮೀನಗಡ, ಕಮತಗಿ, ಗುಳೇದಗುಡ್ಡ,
ರಬಕವಿಯಲ್ಲಿ ಎರಡು.
ಅಲ್ಲೆಲ್ಲ ಈ ಹೊತ್ತಿಗೂ
ಎಲ್ಲವೂ ಅಪ್.